ಶೇ 90ರ ಹೊಂದಾಣಿಕೆ ಎಲ್ಲಿಂದ ಬಂತು?

2014ರ ಜುಲೈನಲ್ಲಿ ಅಮೆರಿಕದ ಓಕೆಕ್ಯುಪಿಡ್ ಡೇಟಿಂಗ್ ತಾಣದ ಸ್ಥಾಪಕರಲ್ಲೊಬ್ಬರಾದ ಕ್ರಿಶ್ಚಿಯನ್ ರಡರ್, ತಮ್ಮ ಸದಸ್ಯರಿಗೆ ತಾವು ಬೇಕೆಂದೇ ಸುಳ್ಳು ಹೇಳಿದ್ದಾಗಿ ಬರೆದುಕೊಂಡರು. ಅದರಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಆ ತಾಣಕ್ಕೆ ಸೇರಿದವರು ರಾಜಕೀಯ, ದೇವರು, ಸಿಗರೇಟು, ಮಕ್ಕಳು ಹೀಗೆ ನಾನಾ ವಿಷಯಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋಗುತ್ತಾರೆ. ತಂತ್ರಾಂಶ ಇಬ್ಬರ ಉತ್ತರಗಳನ್ನು ತಾಳೆ ನೋಡಿ, ನಿಮ್ಮಿಬ್ಬರದು ಇಷ್ಟು ಶೇಕಡಾ ಹೊಂದಾಣಿಕೆ ಎಂದು ಅಂಕಿ ಕೊಡುತ್ತದೆ. ರಡರ್ ತಂಡ ಮಾಡಿದ್ದು ಇಷ್ಟೇ: ಲೆಕ್ಕದ ಪ್ರಕಾರ ಶೇ 30 ಮಾತ್ರ ಹೊಂದುವ ಕೆಲವು ಜೋಡಿಗಳಿಗೆ ‘ನಿಮ್ಮದು ಶೇ 90’ ಎಂದು ತೋರಿಸಿತು.

ಫಲಿತಾಂಶ ನೋಡಿ. ಒಬ್ಬರು ಕಳಿಸಿದ ಮೊದಲ ಸಂದೇಶ ನಾಲ್ಕು ಸಂದೇಶಗಳ ಮಾತುಕತೆಯಾಗಿ ಬೆಳೆಯುವ ಸಂಭವ, ಶೇ 30 ಎಂದೇ ತಿಳಿದಿದ್ದ ಜೋಡಿಗಳಲ್ಲಿ ನೂರಕ್ಕೆ 10 ಇತ್ತು. ಅದೇ ಶೇ 30ರ ಜೋಡಿಗಳಿಗೆ 90 ಎಂದು ಹೇಳಿದಾಗ 17ಕ್ಕೆ ಏರಿತು. ನಿಜಕ್ಕೂ 90 ಇದ್ದು, 90 ಎಂದೇ ತೋರಿಸಿದವರಲ್ಲಿ ಅದು 20. ಲೆಕ್ಕ ಪೂರ್ತಿ ಬೊಗಳೆ ಎನ್ನುವಂತಿಲ್ಲ. ಆದರೆ 10ರಿಂದ 20ರವರೆಗಿನ ಏರಿಕೆಯಲ್ಲಿ ಹೆಚ್ಚಿನ ಪಾಲು ಬಂದದ್ದು ಬರೀ ಅಂಕಿಯನ್ನು ನಂಬಿದ್ದರಿಂದ. ‘ನೀವಿಬ್ಬರೂ ಸರಿಜೋಡಿ’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಜನ ಸರಿಜೋಡಿಯ ಹಾಗೆ ನಡೆದುಕೊಳ್ಳತೊಡಗುತ್ತಾರೆ.

ಡೇಟಿಂಗ್ ಉದ್ಯಮ ಮಾರುವ ಸರಕು ಮೂರು ಬಗೆಯದು. ಜಾಹೀರಾತುಗಳು ಮೂರನ್ನೂ ಒಂದೇ ಬುಟ್ಟಿಗೆ ಹಾಕುತ್ತವೆ. ಮನೆ-ಕಚೇರಿಯ ದಾರಿಯಲ್ಲಿ ಎಂದೂ ಎದುರಾಗದ ಜನರ ಪರಿಚಯ ಒಂದು. ಭೇಟಿಗೆ ಮೊದಲೇ ಮಾತಾಡಿ ನೋಡುವ ಅನುಕೂಲ ಇನ್ನೊಂದು. ‘ನಿಮಗೆ ತಕ್ಕವರನ್ನು ನಮ್ಮ ವಿಜ್ಞಾನ ಹುಡುಕಿ ಕೊಡುತ್ತದೆ’ ಎನ್ನುವುದು ಮೂರನೆಯದು. 2012ರಲ್ಲಿ ಎಲಿ ಫಿಂಕೆಲ್, ಪಾಲ್ ಈಸ್ಟ್‌ವಿಕ್, ಬೆಂಜಮಿನ್ ಕಾರ್ನಿ, ಹ್ಯಾರಿ ರೀಸ್, ಸೂಸನ್ ಸ್ಪ್ರೆಕರ್ ಎಂಬ ಐವರು ಮನಶ್ಶಾಸ್ತ್ರಜ್ಞರು ಈ ಮೂರನ್ನೂ ಬಿಡಿಸಿಟ್ಟು ಪರಿಶೀಲಿಸಿದರು. ಮೊದಲನೆಯದಕ್ಕೆ ಅವರ ತಕರಾರಿಲ್ಲ, ಎರಡನೆಯದಕ್ಕೂ ಮಿತಿಯೊಳಗೆ ಒಪ್ಪಿಗೆ ಇದೆ. ಮೂರನೆಯದಕ್ಕೆ ನಂಬಬಹುದಾದ ಪುರಾವೆ ಅವರಿಗೆ ಸಿಗಲಿಲ್ಲ. ಜಗಳ ಇರುವುದೂ ಅಲ್ಲೇ.

ಈ ಆಸೆ ಅಂತರ್ಜಾಲಕ್ಕಿಂತ ಹಳೆಯದು. 1965ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆಫ್ ಟಾರ್, ವಾನ್ ಮೊರಿಲ್ ಎಂಬ ವಿದ್ಯಾರ್ಥಿಗಳು ‘ಆಪರೇಷನ್ ಮ್ಯಾಚ್’ ಆರಂಭಿಸಿದರು. ಮೂರು ಡಾಲರ್ ಜೊತೆಗೆ ಭರ್ತಿ ಮಾಡಿದ ಪ್ರಶ್ನಾವಳಿ ಕಳಿಸಬೇಕು. ಬಾಡಿಗೆಗೆ ಹಿಡಿದ ಕಂಪ್ಯೂಟರ್ ಪಂಚ್ ಕಾರ್ಡುಗಳನ್ನು ಓದಿ, ಹೊಂದುವವರ ಹೆಸರುಗಳ ಪಟ್ಟಿ ಕೊಡುತ್ತಿತ್ತು. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು ಎನ್ನುವ ಭಕ್ತಿ ಆ ಕಾಲದ ಕಾಲೇಜು ಹುಡುಗರಲ್ಲಿ ಧಾರಾಳವಾಗಿತ್ತು.

ಆ ಭಕ್ತಿಯನ್ನೇ ಬಳಸಿಕೊಂಡು ಮಿನೆಸೋಟಾ ವಿಶ್ವವಿದ್ಯಾಲಯದ ಎಲೈನ್ ವಾಲ್‌ಸ್ಟರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವನ್ನು ಇಂದಿಗೂ ಯಾರೂ ಬದಿಗೆ ಸರಿಸಲಾಗಿಲ್ಲ. 1966ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೊಸದಾಗಿ ಸೇರಿದ 752 ವಿದ್ಯಾರ್ಥಿಗಳಿಗೆ, ಕಂಪ್ಯೂಟರು ಜೋಡಿ ಆರಿಸುವ ನೃತ್ಯಕೂಟವಿದೆ ಎಂದು ಟಿಕೆಟ್ ಮಾರಲಾಯಿತು. ವ್ಯಕ್ತಿತ್ವ ಪರೀಕ್ಷೆ, ಬುದ್ಧಿಮತ್ತೆಯ ಅಂಕ ಎಲ್ಲವನ್ನೂ ಸಂಗ್ರಹಿಸಿದರು. ಜೋಡಿ ಮಾಡಿದ್ದು ಮಾತ್ರ ಚೀಟಿ ಎತ್ತಿದ ಹಾಗೆ, ಕುರುಡಾಗಿ. ಹುಡುಗನಿಗಿಂತ ಹುಡುಗಿ ಎತ್ತರ ಇರಬಾರದು ಎಂಬುದೊಂದೇ ಎಚ್ಚರಿಕೆ. ಟಿಕೆಟ್ ಕೊಳ್ಳಲು ಬಂದಾಗಲೇ ನಾಲ್ವರು ವಿದ್ಯಾರ್ಥಿಗಳು ಪ್ರತಿಯೊಬ್ಬರ ರೂಪಕ್ಕೂ ಗುಟ್ಟಾಗಿ ಅಂಕ ಹಾಕಿದ್ದರು. ನೃತ್ಯದ ನಡುವೆ ‘ನಿಮ್ಮ ಜೊತೆಗಾರರು ಎಷ್ಟು ಹಿಡಿಸಿದರು’ ಎಂದು ಕೇಳಿದಾಗ ಬುದ್ಧಿವಂತಿಕೆ, ಸ್ವಭಾವ, ಸಾಮ್ಯ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು ರೂಪ ಒಂದೇ. ಎರಡೂವರೆ ಗಂಟೆಯ ಕುಣಿತದಿಂದ ನಲವತ್ತು ವರ್ಷದ ಸಂಸಾರವನ್ನು ಅಳೆಯಲಾಗದು, ನಿಜ. ಆದರೆ ಇಂದಿನ ಆ್ಯಪ್‌ಗಳಲ್ಲಿ ಫೋಟೊ ನೋಡಿ ಬೆರಳು ಸರಿಸಲು ಕೆಲವು ಸೆಕೆಂಡು ಸಾಕಾಗುತ್ತದೆ. ಆ ನೃತ್ಯಕೂಟವೇ ಅದಕ್ಕಿಂತ ಸಾವಧಾನದ್ದು.

ಸರಿ, ಯಾರು ಯಾರಿಗೆ ಹೊಂದುತ್ತಾರೆ? 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ವಿಂಚ್, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವಂತಿರಬೇಕು, ಆಳುವವರಿಗೆ ಅನುಸರಿಸುವವರು ಸಿಗಬೇಕು ಎಂದರು. ಅವರು ಆಧರಿಸಿದ್ದು 25 ದಂಪತಿಗಳನ್ನು. ಮುಂದೆ ಆ ವಾದಕ್ಕೆ ಬೆಂಬಲ ದೊರೆತದ್ದು ಕಡಿಮೆ. ಆಮೇಲೆ ಬಂದ ಡಾನ್ ಬರ್ನ್ ತದ್ವಿರುದ್ಧದ ದಾರಿ ಹಿಡಿದರು. ಅಪರಿಚಿತರೊಬ್ಬರು ತುಂಬಿದ್ದು ಎಂದು ಹೇಳಿ ಕಟ್ಟುಕತೆಯ ಪ್ರಶ್ನಾವಳಿಯೊಂದನ್ನು ಜನರ ಕೈಗಿಟ್ಟರು. ಅದರಲ್ಲಿನ ಅಭಿಪ್ರಾಯ ತಮ್ಮದಕ್ಕೆ ಹತ್ತಿರವಿದ್ದಷ್ಟೂ ಆ ಇಲ್ಲದ ಮನುಷ್ಯ ಜನರಿಗೆ ಇಷ್ಟವಾದ. ಸಮಾನ ಶೀಲವೇ ಸ್ನೇಹಕ್ಕೆ ಮೂಲ ಎನ್ನುವ ಹಳೆಯ ನಂಬಿಕೆಗೆ ಪ್ರಯೋಗಾಲಯದ ಮೊಹರು ಬಿತ್ತು.

ಆ ಮೊಹರಿನ ಮೇಲೆ ಕಟ್ಟಿದ ದೊಡ್ಡ ಅಂಗಡಿ ಇ-ಹಾರ್ಮನಿ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞ ನೀಲ್ ಕ್ಲಾರ್ಕ್ ವಾರನ್ 2000ದಲ್ಲಿ ಇದನ್ನು ತೆರೆದರು. ನೂರಾರು ಪ್ರಶ್ನೆಗಳ ಪ್ರಶ್ನಾವಳಿ, ಹೊಂದಾಣಿಕೆಯ 29 ಆಯಾಮಗಳು, 2004ರಲ್ಲಿ ಪೇಟೆಂಟ್, ಮೇಲೆ ‘ವೈಜ್ಞಾನಿಕ’ ಎಂಬ ಪಟ್ಟ. ಮೊದಲ ವರ್ಷಗಳಲ್ಲಿ ಇದು ಸಲಿಂಗಿಗಳಿಗೆ ಜೋಡಿ ಹುಡುಕಿಕೊಡುತ್ತಿರಲಿಲ್ಲ; ನ್ಯೂಜೆರ್ಸಿಯಲ್ಲಿ ದೂರು ದಾಖಲಾಗಿ, 2008ರಲ್ಲಿ ರಾಜಿಯಾದ ಮೇಲೆ ಬೇರೆ ತಾಣ ತೆರೆಯಿತು. ಲೆಕ್ಕ ಹಾಕುವ ಸೂತ್ರವನ್ನು ಮಾತ್ರ ಇತರ ವಿಜ್ಞಾನಿಗಳ ಪರಿಶೀಲನೆಗೆ ತೆರೆದಿಡಲಿಲ್ಲ. ವ್ಯಾಪಾರದ ಗುಟ್ಟು ಎಂದರೆ ಒಪ್ಪಬಹುದು, ಆದರೆ ಗುಟ್ಟಾಗಿರುವುದನ್ನು ವಿಜ್ಞಾನ ಎಂದು ಮಾರಲು ಬರುವುದಿಲ್ಲ.

ಸೂತ್ರ ಕೈಗೆ ಸಿಗದಿದ್ದರೇನು, ಅದರ ಅಡಿಪಾಯವನ್ನಂತೂ ತಟ್ಟಿ ನೋಡಬಹುದು. ಸ್ವಭಾವ ಒಂದೇ ತೆರನಾಗಿದ್ದರೆ ದಂಪತಿ ಹೆಚ್ಚು ಸಂತೋಷವಾಗಿರುತ್ತಾರೆಯೇ? 2010ರಲ್ಲಿ ಪೋರ್ಷಿಯಾ ಡೈರನ್‌ಫೋರ್ತ್ ಮತ್ತು ಸಂಗಡಿಗರು ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿಗಳ 23,000ಕ್ಕೂ ಹೆಚ್ಚು ವಿವಾಹಿತರ ಮಾಹಿತಿಯನ್ನು ಜಾಲಾಡಿದರು. ಸಂಸಾರದ ತೃಪ್ತಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದಲ್ಲಿ ಸ್ವಭಾವ ಸಾಮ್ಯ ವಿವರಿಸಿದ್ದು ಶೇ 0.5ನ್ನೂ ಮುಟ್ಟಲಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ ಮ್ಯಾಥ್ಯೂ ಮೊಂಟೊಯಾ ತಂಡ 313 ಅಧ್ಯಯನಗಳನ್ನು ಒಟ್ಟುಗೂಡಿಸಿ ಕುತೂಹಲದ ಸಂಗತಿಯೊಂದನ್ನು ಕಂಡಿತ್ತು. ಬರ್ನ್ ಅವರಂತೆ ಕಾಗದದ ಮೇಲಿನ ಅಪರಿಚಿತರನ್ನು ತೋರಿಸಿದಾಗ ಸಾಮ್ಯದ ಪ್ರಭಾವ ದೊಡ್ಡದು. ನಿಜವಾಗಿ ಭೇಟಿಯಾಗಿ ಒಂದಷ್ಟು ಮಾತಾಡಿದರೆ ಅದು ಸೊರಗುತ್ತದೆ. ಜೊತೆಯಾಗಿ ಬಾಳುತ್ತಿರುವವರಲ್ಲಿ ಬಹುತೇಕ ಕಾಣೆಯಾಗುತ್ತದೆ. ಕೊನೆಯವರೆಗೆ ಉಳಿಯುವುದು ‘ನಾವಿಬ್ಬರೂ ಒಂದೇ ಥರ’ ಎಂಬ ಅನಿಸಿಕೆ. ನಿಜಕ್ಕೂ ಒಂದೇ ಥರ ಇದ್ದಾರೆಯೋ ಇಲ್ಲವೋ ಅಷ್ಟು ಮುಖ್ಯವಲ್ಲ.

‘ಸುತ್ತ ಕಾಣುವ ದಂಪತಿಗಳೆಲ್ಲ ಒಬ್ಬರಂತೊಬ್ಬರು ಇರುತ್ತಾರಲ್ಲ?’ ಎಂದು ಯಾರಾದರೂ ಕೇಳಿಯಾರು. ಇರುತ್ತಾರೆ. 2023ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಪರಿಶೀಲಿಸಿದ ಲಕ್ಷಣಗಳ ಪೈಕಿ ಶೇ 80ಕ್ಕೂ ಹೆಚ್ಚಿನವುಗಳಲ್ಲಿ ಸಂಗಾತಿಗಳು ಹೋಲುತ್ತಿದ್ದರು. ಓದು, ರಾಜಕೀಯ ಮತ್ತು ಧಾರ್ಮಿಕ ನಿಲುವು, ಕುಡಿತ-ಧೂಮಪಾನ ಮುಂಚೂಣಿಯಲ್ಲಿದ್ದವು. ಆದರೆ ಜನ ಮದುವೆಯಾಗುವುದು ಎದುರಿಗೆ ಸಿಕ್ಕವರನ್ನು. ಎದುರಿಗೆ ಸಿಗುವವರು ಅದೇ ಕಾಲೇಜು, ಅದೇ ಕೆಲಸ, ಅದೇ ಬಡಾವಣೆಯವರು. ಸಾಮ್ಯದಿಂದ ಮದುವೆ ನಡೆಯುವುದು ಒಂದು ಮಾತು, ಸಾಮ್ಯದಿಂದ ಮದುವೆ ಚೆನ್ನಾಗಿ ನಡೆಯುವುದು ಇನ್ನೊಂದು. ಇಲ್ಲಿ ಉದ್ಯಮದ ಪರವಾಗಿಯೂ ಒಂದು ಮಾತು ಹೇಳಬೇಕು. ಅಧ್ಯಯನಕ್ಕೆ ಸಿಕ್ಕವರೆಲ್ಲ ಆಗಲೇ ಸೋಸಿ ಬಂದ ಜೋಡಿಗಳು. ಪೂರಾ ಹೊಂದದವರು ಮದುವೆಯ ಹತ್ತಿರಕ್ಕೇ ಬಂದಿರುವುದಿಲ್ಲ, ಆದ್ದರಿಂದ ಸಾಮ್ಯದ ಪಾಲು ತುಸು ಕಡಿಮೆಯಾಗಿ ಕಂಡಿರಬಹುದು. ಆದರೂ ಶೇ 0.5ರಿಂದ ‘ಜೀವನ ಸಂಗಾತಿ ಖಾತರಿ’ಯವರೆಗಿನ ದೂರವನ್ನು ಈ ವಾದ ತುಂಬಲಾರದು.

ಬರೀ ಸಾಮ್ಯವಲ್ಲ, ಇನ್ನೂ ಜಟಿಲವಾದ ಲೆಕ್ಕ ಬೇಕೇನೋ? ಮನುಷ್ಯನ ಕಣ್ಣಿಗೆ ಬೀಳದ ವಿನ್ಯಾಸವನ್ನು ಯಂತ್ರ ಹಿಡಿದೀತೇನೋ? ಇದನ್ನೇ ಸಮಾಂತಾ ಜೋಯಲ್, ಈಸ್ಟ್‌ವಿಕ್, ಫಿಂಕೆಲ್ 2017ರಲ್ಲಿ ಪರೀಕ್ಷಿಸಿದರು. ಒಬ್ಬೊಬ್ಬರ ಜೊತೆ ನಾಲ್ಕೇ ನಿಮಿಷ ಮಾತಾಡಿ ಮುಂದಿನ ಮೇಜಿಗೆ ಹೋಗುವ ಸ್ಪೀಡ್ ಡೇಟಿಂಗ್‌ಗೆ ಬಂದವರಿಂದ ಮೊದಲೇ ನೂರಕ್ಕೂ ಹೆಚ್ಚು ವಿವರ ಪಡೆದು, ಆ ರಾಶಿಯ ಮೇಲೆ ಮಷೀನ್ ಲರ್ನಿಂಗ್ ಓಡಿಸಿದರು. ಈ ಅಧ್ಯಯನದ ಚಂದ ಇರುವುದು ಅವರು ಆಕರ್ಷಣೆಯನ್ನು ಮೂರು ಪಾಲು ಮಾಡಿದ್ದರಲ್ಲಿ. ಎದುರಿಗೆ ಯಾರೇ ಬಂದರೂ ಮೆಚ್ಚುವ ಜನರಿದ್ದಾರೆ, ಯಾರನ್ನೂ ಮೆಚ್ಚದವರೂ ಇದ್ದಾರೆ. ಅದು ನೋಡುವವರ ಗುಣ. ಎಲ್ಲರಿಗೂ ಹಿಡಿಸುವವರು, ಯಾರಿಗೂ ಹಿಡಿಸದವರು ಇರುತ್ತಾರೆ. ಅದು ನೋಡಿಸಿಕೊಳ್ಳುವವರ ಗುಣ. ಇವೆರಡನ್ನೂ ಕಳೆದ ಮೇಲೆ, ಇವಳಿಗೇ ಇವನೇ ವಿಶೇಷವಾಗಿ ಹಿಡಿಸಿದ ಎನ್ನುವ ಪಾಲು ಉಳಿಯುತ್ತದೆ. ಹೊಂದಾಣಿಕೆ ಎಂದು ನಾವು ಕರೆಯುವುದು ಈ ಮೂರನೆಯ ಪಾಲನ್ನು. ಯಂತ್ರ ಮೊದಲ ಎರಡನ್ನು ತಕ್ಕಮಟ್ಟಿಗೆ ಊಹಿಸಿತು. ಮೂರನೆಯದರಲ್ಲಿ ಅದು ಗಳಿಸಿದ್ದು ಸೊನ್ನೆ.

ಅದೇ ಜೋಯಲ್ ಮುಂದಾಳತ್ವದಲ್ಲಿ 2020ರಲ್ಲಿ ಹಲವಾರು ಪ್ರಯೋಗಾಲಯಗಳು ಕೈಜೋಡಿಸಿ 43 ದೀರ್ಘಕಾಲಿಕ ಅಧ್ಯಯನಗಳ 11,196 ಜೋಡಿಗಳ ಮಾಹಿತಿಯನ್ನು ಒಂದೆಡೆ ತಂದವು. ಸಂಗಾತಿಯ ನಿಷ್ಠೆಯ ಬಗ್ಗೆ ಭರವಸೆ, ತನ್ನನ್ನು ಮೆಚ್ಚುತ್ತಾರೆಂಬ ಭಾವ, ಜಗಳದ ಪ್ರಮಾಣ ಇಂಥ ಸಂಬಂಧದ ಒಳಗಿನ ಸಂಗತಿಗಳು ಆ ಹೊತ್ತಿನ ತೃಪ್ತಿಯ ವ್ಯತ್ಯಾಸದಲ್ಲಿ ಶೇ 45ರವರೆಗೆ ವಿವರಿಸಿದವು. ವ್ಯಕ್ತಿಯ ಸ್ವಂತ ಗುಣಗಳಿಗೆ ಸಿಕ್ಕದ್ದು ಶೇ 21ರವರೆಗೆ. ಎರಡೂ ಕೈಲಿರುವಾಗ ಸಂಗಾತಿ ತುಂಬಿದ ಪ್ರಶ್ನಾವಳಿ ಹೆಚ್ಚೇನೂ ಸೇರಿಸಲಿಲ್ಲ. ಹೆಚ್ಚು ಭಾರದ ಸಂಗತಿಗಳೆಲ್ಲ ಭೇಟಿಯಾದ ನಂತರ ಹುಟ್ಟುವಂಥವು; ಮೊದಲೇ ಅರ್ಜಿಯಲ್ಲಿ ಬರೆಸಿಕೊಳ್ಳೋಣ ಎಂದರೆ ಇನ್ನೂ ಇಲ್ಲವೇ ಇಲ್ಲ. ಮುಂದೆ ಯಾರ ತೃಪ್ತಿ ಏರುತ್ತದೆ, ಯಾರದು ಇಳಿಯುತ್ತದೆ ಎಂಬುದನ್ನಂತೂ ಈ ಲೆಕ್ಕಗಳು ಹೇಳಲಾಗಲಿಲ್ಲ.

ನಮಗೆ ಬೇಕಾದದ್ದೇನೆಂದು ನಮಗೇ ಗೊತ್ತಿದೆ ಎಂಬುದೂ ಅರ್ಜಿ ತುಂಬಿಸುವವರ ಇನ್ನೊಂದು ನಂಬಿಕೆ. 2008ರಲ್ಲಿ ಈಸ್ಟ್‌ವಿಕ್ ಮತ್ತು ಫಿಂಕೆಲ್ ಇದನ್ನೂ ಸ್ಪೀಡ್ ಡೇಟಿಂಗ್‌ನಲ್ಲೇ ಒರೆಗೆ ಹಚ್ಚಿದರು. ಕಾಗದದ ಮೇಲೆ ಗಂಡಸರು ರೂಪಕ್ಕೆ, ಹೆಂಗಸರು ಸಂಪಾದನೆಗೆ ಹೆಚ್ಚು ತೂಕ ಕೊಟ್ಟರು. ಮುಖಾಮುಖಿ ಕೂತಾಗ ಆ ವ್ಯತ್ಯಾಸ ಕಾಣಲಿಲ್ಲ. ತನಗೆ ಇಂಥವರು ಬೇಕು ಎಂದು ಬರೆದುಕೊಟ್ಟದ್ದಕ್ಕೂ ನಿಜವಾಗಿ ಹಿಡಿಸಿದವರಿಗೂ ನಂಟು ಕಾಣಲಿಲ್ಲ.

ಹಾಗಾದರೆ ಮೊದಲೇ ತಿಳಿಯಬಹುದಾದದ್ದು ಏನೂ ಇಲ್ಲವೇ? ಇದೆ, ಆದರೆ ಅದು ಜೋಡಿಯ ಗುಣವಲ್ಲ, ಒಬ್ಬೊಬ್ಬರ ಗುಣ. ಲೋವೆಲ್ ಕೆಲ್ಲಿ ಮತ್ತು ಜೇಮ್ಸ್ ಕಾನ್ಲಿ 1987ರಲ್ಲಿ ಪ್ರಕಟಿಸಿದ ಅಧ್ಯಯನ, 1930ರ ದಶಕದಲ್ಲಿ ನಿಶ್ಚಿತಾರ್ಥವಾಗಿದ್ದ 300 ಜೋಡಿಗಳನ್ನು 1980ರವರೆಗೆ ಹಿಂಬಾಲಿಸಿತ್ತು. ಗಂಡ ಅಥವಾ ಹೆಂಡತಿಯ ಸದಾ ಆತಂಕ-ಅಸಮಾಧಾನದ ಮನಸ್ಸು, ಗಂಡನ ಹತೋಟಿ ತಪ್ಪುವ ಸ್ವಭಾವ ಇವೇ ಮುರಿದ ಮತ್ತು ಕೊರಗಿದ ಮದುವೆಗಳ ಮುನ್ಸೂಚನೆಯಾಗಿದ್ದವು. ಅಂಥವರಿಗೆ ಯಾರನ್ನು ಜೋಡಿಸಿದರೂ ಕಷ್ಟವೇ. ಇ-ಹಾರ್ಮನಿ ತನ್ನ ಅರ್ಜಿದಾರರಲ್ಲಿ ಗಣನೀಯ ಸಂಖ್ಯೆಯ ಜನರನ್ನು ‘ನಿಮಗೆ ಜೋಡಿ ಹುಡುಕಲಾರೆವು’ ಎಂದು ವಾಪಸು ಕಳಿಸುತ್ತಿತ್ತು. ಅದರ ಸದಸ್ಯರ ದಾಂಪತ್ಯ ಒಂದಷ್ಟು ಚೆನ್ನಾಗಿ ಕಂಡಿದ್ದರೆ ಅದರ ಕೀರ್ತಿ 29 ಆಯಾಮಗಳಿಗಿಂತ ಈ ಜರಡಿಗೇ ಹೆಚ್ಚು ಸಲ್ಲಬಹುದು.

ಉದ್ಯಮ ಹೆಚ್ಚಾಗಿ ಮುಂದಿಡುವ ಅಧ್ಯಯನ ಜಾನ್ ಕಾಸಿಯೊಪ್ಪೊ ಅವರದು. 2005ರಿಂದ 2012ರ ನಡುವೆ ಮದುವೆಯಾದ 19,131 ಅಮೆರಿಕನ್ನರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯ ಭೇಟಿ ಆನ್‌ಲೈನ್‌ನಲ್ಲಿ ಆಗಿತ್ತು. ಅವರ ಮದುವೆ ಮುರಿದ ಪ್ರಮಾಣ ಶೇ 6ರ ಆಸುಪಾಸು, ಉಳಿದವರದು ಶೇ 7.7ರ ಹತ್ತಿರ. ಹಣ ಕೊಟ್ಟದ್ದು ಇ-ಹಾರ್ಮನಿ, ಕಾಸಿಯೊಪ್ಪೊ ಅದರ ವೈಜ್ಞಾನಿಕ ಸಲಹೆಗಾರರಾಗಿದ್ದರು. ಅದನ್ನು ಪ್ರಬಂಧದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಂಕಿ ಸರಿಯೆಂದೇ ಇಟ್ಟುಕೊಂಡರೂ ಇಲ್ಲಿ ಅಳೆದದ್ದು ಆನ್‌ಲೈನ್ ಭೇಟಿಯನ್ನು, ಸೂತ್ರದ ಹೊಂದಾಣಿಕೆಯನ್ನಲ್ಲ. ದುಡ್ಡು ಕಟ್ಟಿ ನೂರಾರು ಪ್ರಶ್ನೆಗೆ ಕೂತು ಉತ್ತರಿಸುವವರು ಮದುವೆಯನ್ನು ಗಂಭೀರವಾಗಿ ಬಯಸುವವರು ತಾನೆ?

ಪರಿಚಯ ಮಾಡಿಸುವ ಕೆಲಸದಲ್ಲಿ ಈ ತಾಣಗಳ ಗೆಲುವಂತೂ ಪ್ರಶ್ನಾತೀತ. ಮೈಕಲ್ ರೋಸನ್‌ಫೆಲ್ಡ್ ಅವರ ಸಮೀಕ್ಷೆಯಂತೆ 2017ರಲ್ಲಿ ಪರಿಚಯವಾದ ಅಮೆರಿಕದ ಗಂಡು-ಹೆಣ್ಣು ಜೋಡಿಗಳಲ್ಲಿ ಶೇ 39ರಷ್ಟು ಆನ್‌ಲೈನ್‌ನಲ್ಲಿ ಸಿಕ್ಕವು. ಸ್ನೇಹಿತರ ಮೂಲಕ ಸಿಗುವ ಹಳೆಯ ದಾರಿ ಹಿಂದೆ ಬಿತ್ತು. ಹೊಸ ಆ್ಯಪ್‌ಗಳು ಮನಶ್ಶಾಸ್ತ್ರದ ಹಂಗನ್ನೇ ಬಹುಪಾಲು ತೊರೆದಿವೆ. 2012ರಲ್ಲಿ ಬಂದ ಟಿಂಡರ್ ಮೊದಮೊದಲು ಚೆಸ್ ಆಟಗಾರರಿಗೆ ರೇಟಿಂಗ್ ಕೊಡುವ ಇಲೊ ಪದ್ಧತಿಯಲ್ಲಿ ಸದಸ್ಯರ ಬೇಡಿಕೆಯನ್ನು ಅಳೆಯುತ್ತಿತ್ತು. ಈಗ ಅದನ್ನು ಬಿಟ್ಟಿದ್ದೇವೆ ಎಂದು 2019ರಲ್ಲಿ ಹೇಳಿತು. ಹಿಂಜ್ ಎಂಬ ಆ್ಯಪ್ 2018ರಲ್ಲಿ ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ಕೊಟ್ಟ ಗಣಿತವನ್ನು ತಂದುಕೊಂಡಿತು. ಸೊಗಸಾದ ಗಣಿತ ಅದು: ತಮಗೆ ಸಿಕ್ಕವರಿಗಿಂತ ಪರಸ್ಪರರನ್ನೇ ಹೆಚ್ಚು ಬಯಸುವ ಇಬ್ಬರು ಎಲ್ಲೂ ಉಳಿಯದಂತೆ ಜೋಡಿಸುವುದು ಸಾಧ್ಯ ಎಂದು ಅದು ಸಾಧಿಸುತ್ತದೆ. ಆದರೆ ಎಲ್ಲರ ಇಷ್ಟಾನಿಷ್ಟಗಳ ಪಟ್ಟಿ ಮೊದಲೇ ಸರಿಯಾಗಿ ಕೈಲಿರಬೇಕು. ಆ ಪಟ್ಟಿಯೇ ನೆಚ್ಚಿಕೆಯದಲ್ಲ ಎಂದು ಮೇಲೆ ನೋಡಿದೆವಲ್ಲ.

ಈ ಆ್ಯಪ್‌ಗಳಿಗೆ ಚೆನ್ನಾಗಿ ತಿಳಿದಿರುವುದು ಸಂತೆಯ ಗತಿ. ಎಲಿಜಬೆತ್ ಬ್ರೂಚ್ ಮತ್ತು ಮಾರ್ಕ್ ನ್ಯೂಮನ್ ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ, ಸಿಯಾಟಲ್ ನಗರಗಳ ಸಂದೇಶ ಸಂಚಾರ ನೋಡಿ, ಜನ ಸರಾಸರಿಯಾಗಿ ತಮಗಿಂತ ಸುಮಾರು ಶೇ 25ರಷ್ಟು ಹೆಚ್ಚು ಬೇಡಿಕೆಯವರ ಬೆನ್ನು ಹತ್ತುತ್ತಾರೆ ಎಂದು 2018ರಲ್ಲಿ ತೋರಿಸಿದರು. ನೆದರ್‌ಲ್ಯಾಂಡ್ಸ್‌ನ ಟಿಲಾ ಪ್ರಾಂಕ್ ಮತ್ತು ಯಾಪ್ ಡೆನಿಸನ್ 2020ರಲ್ಲಿ ಕಂಡದ್ದು ಇನ್ನೊಂದು: ಫೋಟೊಗಳು ಒಂದಾದ ಮೇಲೊಂದು ಬರುತ್ತಾ ಹೋದಂತೆ ಒಪ್ಪುವ ಸಂಭವ ಮೊದಲನೆಯದರಿಂದ ಕೊನೆಯದಕ್ಕೆ ಶೇ 27 ಕುಸಿಯಿತು. ‘ಬೇಡ’ ಎನ್ನುವುದು ರೂಢಿಯಾಗಿಬಿಡುತ್ತದೆ.

ಕನ್ನಡ ಓದುಗರಿಗೆ ಈ ಕತೆಯೆಲ್ಲ ಎಲ್ಲೋ ಕೇಳಿದ್ದು ಎನಿಸಿದರೆ ಅಚ್ಚರಿಯಿಲ್ಲ. ಸಾಲಾವಳಿ ನೋಡಿಸುವುದೂ ಭೇಟಿಗೆ ಮುಂಚಿನ ಮಾಹಿತಿಯಿಂದ ಅಂಕ ಹಾಕುವ ಪದ್ಧತಿಯೇ. ವರ್ಣಕ್ಕೆ 1ರಿಂದ ನಾಡಿಗೆ 8ರವರೆಗೆ ಎಂಟು ಕೂಟ, ಒಟ್ಟು 36 ಗುಣ, 18 ದಾಟಿದರೆ ಪಾಸು. 36 ಗುಣಗಳನ್ನೇ ಒರೆಗೆ ಹಚ್ಚಿದ ಪರೀಕ್ಷೆಗಳಲ್ಲದಿದ್ದರೂ ಪಶ್ಚಿಮದ ರಾಶಿಗಳ ಪರೀಕ್ಷೆ ನಡೆದಿದೆ. 1971ರಲ್ಲಿ ಬರ್ನಾರ್ಡ್ ಸಿಲ್ವರ್‌ಮನ್ ಮಿಷಿಗನ್ ರಾಜ್ಯದ 2,978 ಮದುವೆ ಮತ್ತು 478 ವಿಚ್ಛೇದನಗಳನ್ನು ಜ್ಯೋತಿಷಿಗಳ ಭವಿಷ್ಯಕ್ಕೆ ತಾಳೆ ಹಾಕಿದರು, ಹೊಂದಲಿಲ್ಲ. 2007ರಲ್ಲಿ ಡೇವಿಡ್ ವೋಸ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಒಂದು ಕೋಟಿ ದಂಪತಿಗಳನ್ನು ನೋಡಿದರು. ಯಾವ ರಾಶಿಗೂ ಯಾವ ರಾಶಿಯ ಕಡೆಗೂ ಒಲವು ಕಾಣಲಿಲ್ಲ. ಹಾಗಿದ್ದೂ ಅಂಕಿ ನೋಡಿದೊಡನೆ ಮನಸ್ಸು ಒಪ್ಪಿಕೊಳ್ಳುವುದೇಕೆ? ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲೇ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನೊಬ್ಬನ ವ್ಯಕ್ತಿತ್ವ ವರದಿ’ ಎಂದು ಒಂದೇ ಬರಹದ ಪ್ರತಿ ಹಂಚಿದ್ದರು. ವಾಕ್ಯಗಳನ್ನು ಎತ್ತಿಕೊಂಡದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ ಪುಸ್ತಕದಿಂದ. ಎಷ್ಟು ನಿಖರ ಎಂದು ಕೇಳಿದರೆ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4ಕ್ಕಿಂತ ಹೆಚ್ಚು ಕೊಟ್ಟರು.

ನಮ್ಮ ಮ್ಯಾಟ್ರಿಮೊನಿ ತಾಣಗಳು ಒಂದು ಲೆಕ್ಕದಲ್ಲಿ ಹೆಚ್ಚು ಪ್ರಾಮಾಣಿಕ. ಜಾತಿ, ಉಪಜಾತಿ, ಗೋತ್ರ, ನಕ್ಷತ್ರ, ಮಾತೃಭಾಷೆ, ಸಂಬಳ ಎಂದು ನೇರವಾಗಿ ಖಾನೆ ಮಾಡಿಟ್ಟು, ಆರಿಸಿಕೊಳ್ಳಿ ಎನ್ನುತ್ತವೆ. ಪ್ರೀತಿಯ ರಸಾಯನದ ಭರವಸೆ ಅಲ್ಲಿ ಗೌಣ. ಆದರೆ ಆ ಖಾನೆಗಳು ಯಾರ ಹೊಂದಾಣಿಕೆಗೆ? ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ, ಬಂಗಾಳದ ಪತ್ರಿಕಾ ಜಾಹೀರಾತುಗಳ ಅಧ್ಯಯನದಲ್ಲಿ ಜಾತಿಯೊಳಗೇ ಉಳಿಯುವ ಹಂಬಲದ ಬೆಲೆ ಕಟ್ಟಿದ್ದಾರೆ: ಹೆಣ್ಣಿನ ಕಡೆಯವರು ಜಾತಿ ದಾಟದಿರಲು, ಸ್ನಾತಕೋತ್ತರ ಪದವೀಧರನಿಗೂ ಏನೂ ಓದದವನಿಗೂ ಇರುವಷ್ಟು ಅಂತರವನ್ನು ಬಿಟ್ಟುಕೊಡಲು ಸಿದ್ಧ. ಅದು ಎರಡು ಕುಟುಂಬಗಳ ಹೊಂದಾಣಿಕೆ. ಇಬ್ಬರು ವ್ಯಕ್ತಿಗಳದು ಬೇರೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಪ್ರೀತಿ ವರ್ಷ ಕಳೆದಂತೆ ಏರುತ್ತದೆ ಎನ್ನಲು ಜೈಪುರದಲ್ಲಿ ಗುಪ್ತಾ ಮತ್ತು ಸಿಂಗ್ 1982ರಲ್ಲಿ ಮಾಡಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರಲ್ಲಿದ್ದದ್ದು ಐವತ್ತು ದಂಪತಿ. ಅಮೆರಿಕದ ಭಾರತೀಯರ ನಡುವೆ 2012ರಲ್ಲಿ ನಡೆದ, ಅದೂ ಚಿಕ್ಕದೇ ಆದ ಅಧ್ಯಯನದಲ್ಲಿ ಎರಡು ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ.

2018ರ ಜನವರಿಯಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಲಂಡನ್ ಸುರಂಗ ರೈಲಿನಲ್ಲಿ ಅಂಟಿಸಿದ್ದ ಇ-ಹಾರ್ಮನಿ ಜಾಹೀರಾತನ್ನು ತೆಗೆಸಿತು. ‘ವೈಜ್ಞಾನಿಕವಾಗಿ ಸಾಬೀತಾದ’ ಪದ್ಧತಿ ಎಂದು ಅದರಲ್ಲಿತ್ತು. ಕಂಪನಿ ತನ್ನ ಬಳಿಯಿದ್ದ ಅಧ್ಯಯನಗಳನ್ನು ಒಪ್ಪಿಸಿತು. ಆ ಸೂತ್ರದಿಂದ ಬಾಳಿಕೆಯ ಪ್ರೀತಿ ಸಿಗುವ ಸಂಭವ ಹೆಚ್ಚುತ್ತದೆ ಎನ್ನಲು ಅವು ಸಾಲವು ಎಂದು ತೀರ್ಪಾಯಿತು. ಸಾಬೀತು ಮಾಡುವ ದಾರಿ ಕಷ್ಟದ್ದೇನಲ್ಲ, ಔಷಧ ಕಂಪನಿಗಳು ದಿನವೂ ಮಾಡುತ್ತವೆ. ಹೊಸ ಸದಸ್ಯರಲ್ಲಿ ಅರ್ಧದಷ್ಟು ಜನರಿಗೆ ಸೂತ್ರ ಆರಿಸಿದವರನ್ನು, ಉಳಿದ ಅರ್ಧಕ್ಕೆ ಚೀಟಿ ಎತ್ತಿ ಬಂದವರನ್ನು ಪರಿಚಯಿಸಬೇಕು. ಎಲ್ಲರಿಗೂ ‘ಇವರು ನಿಮಗೆ ತಕ್ಕವರು’ ಎಂದೇ ಹೇಳಬೇಕು. ಅಂಕಿಯ ಮಾಯೆ ಎರಡೂ ಕಡೆ ಸಮನಾಗಿರಬೇಕಲ್ಲ. ಐದಾರು ವರ್ಷದ ನಂತರ ಯಾರು ಜೊತೆಗಿದ್ದಾರೆ, ಎಷ್ಟು ನೆಮ್ಮದಿಯಾಗಿದ್ದಾರೆ ಎಂದು ನೋಡಿ, ಫಲಿತಾಂಶ ಏನೇ ಬರಲಿ ಪ್ರಕಟಿಸಬೇಕು. ಸದಸ್ಯರು, ಸರ್ವರುಗಳು, ಹಣ ಎಲ್ಲವೂ ಆ ಕಂಪನಿಗಳ ಕೈಯಲ್ಲೇ ಇವೆ.